ನೇಪಾಳ, ಭೂತಾನ್, ಶ್ರೀಲಂಕಾ: ಎರಡು ವಾರದಲ್ಲಿ ಮೂರು ದೇಶ ಸುತ್ತಿದರೆ ಅದು ಅಧ್ಯಯನ ಪ್ರವಾಸವೇ?

ಭೂಗೋಳದ ಮೇಡಂ, ಶಿರಸಿ
ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಪದವಿ ಕಾಲೇಜೊಂದರಲ್ಲಿ ಭೂಗೋಳಶಾಸ್ತ್ರ ಕಲಿಸುತ್ತೇನೆ. ದಸರಾ ಮುಗಿದ ಮೇಲೆ ಅಂತಿಮ ವರ್ಷದ ನಲವತ್ತು ವಿದ್ಯಾರ್ಥಿಗಳನ್ನು ನೆರೆಯ ದೇಶಗಳಿಗೆ ಅಧ್ಯಯನ ಪ್ರವಾಸ ಕರೆದೊಯ್ಯಲು ಆಡಳಿತ ಮಂಡಳಿ ಒಪ್ಪಿದೆ. ಬಹಳ ಓಡಾಡಿದ ಮೇಲೆ ಸಿಕ್ಕ ಒಪ್ಪಿಗೆ ಇದು.

ತೊಡಕಿರುವುದು ದಾರಿಯ ವಿಷಯದಲ್ಲಿ. ಪ್ರವಾಸ ಸಂಸ್ಥೆಯವರು ಎರಡು ವಾರದ ಪಟ್ಟಿ ಕೊಟ್ಟಿದ್ದಾರೆ: ಕಠ್ಮಂಡು, ಪೋಖರಾ, ಪಾರೋ, ಥಿಂಪು, ಆಮೇಲೆ ವಿಮಾನದಲ್ಲಿ ಕೊಲಂಬೊ, ಕ್ಯಾಂಡಿ, ಗಾಲೆ. ದಿನಕ್ಕೆ ನಾಲ್ಕೈದು ಸ್ಥಳ. ಕೆಲವು ಪಾಲಕರು ‘ಅಷ್ಟು ದುಡ್ಡು ಕೊಡುವಾಗ ಮೂರು ದೇಶವೂ ಆಗಿಬಿಡಲಿ’ ಎನ್ನುತ್ತಿದ್ದಾರೆ. ಮಕ್ಕಳು ಬಸ್ಸಿನಿಂದ ಇಳಿದು, ಫೋಟೊ ತೆಗೆದು, ಮತ್ತೆ ಬಸ್ ಹತ್ತುವುದನ್ನು ಅಧ್ಯಯನ ಎಂದು ಕರೆಯಲು ನನಗೆ ಮನಸ್ಸು ಬರುತ್ತಿಲ್ಲ. ಯಾವ ದೇಶ ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ನಮ್ಮ ಕಡೆಯ ಮಕ್ಕಳು ಅಲ್ಲಿ ಏನು ನೋಡಬೇಕು? ಕಾಗದಪತ್ರಗಳ ಬಗ್ಗೆಯೂ ತಿಳಿದವರು ಹೇಳಿ.

ಕೋಡಿಬಾಗದವ
ಮೂರೂ ಬೇಡ. ಎರಡು ಸಾಕು. ಎರಡು ವಾರದಲ್ಲಿ ಮೂರು ದೇಶವೆಂದರೆ ಹೋದ ಪುಟ್ಟ ಬಂದ ಪುಟ್ಟ.

ನಿವೃತ್ತ ಮಾಸ್ತರು, ಅಂಕೋಲಾ
ಮೇಡಂ, ಮೊದಲು ಕಾಗದಪತ್ರದ ವಿಷಯ ಹೇಳಿಬಿಡುತ್ತೇನೆ. ಅದು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ನೇಪಾಳಕ್ಕೂ ಭೂತಾನ್‌ಗೂ ಭಾರತೀಯರಿಗೆ ವೀಸಾ ಬೇಡ. ಆದರೆ ಗುರುತಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಇದ್ದರೆ ಸಾಕೆಂದು ಅನೇಕರು ಹೊರಟುಬಿಡುತ್ತಾರೆ. ಅದನ್ನು ನಂಬಿ ಭೂತಾನ್ ಗಡಿಗೆ ಹೋಗಬೇಡಿ. ನಿಮ್ಮ ಮಕ್ಕಳಿಗೆ ಹದಿನೆಂಟು ತುಂಬಿರುತ್ತದೆ, ಆದರೆ ಎಷ್ಟು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದಾರೆ? ಇವತ್ತೇ ಕೇಳಿ. ಶ್ರೀಲಂಕಾಕ್ಕಾದರೆ ಪಾಸ್‌ಪೋರ್ಟ್ ಬೇಕೇ ಬೇಕು, ಹೊರಡುವ ಮೊದಲು ಆನ್‌ಲೈನ್ ಪ್ರಯಾಣ ಅನುಮತಿಯನ್ನೂ ಪಡೆಯಬೇಕು. ನಲವತ್ತು ಮಕ್ಕಳ ಪಾಸ್‌ಪೋರ್ಟ್, ಪೊಲೀಸ್ ಪರಿಶೀಲನೆ ಎಲ್ಲವೂ ದಸರಾದೊಳಗೆ ಮುಗಿಯಬೇಕಾದರೆ ಈಗಲೇ ಅರ್ಜಿ ಹಾಕಿರಬೇಕು.

ಭೂತಾನ್‌ನಲ್ಲಿ ಇನ್ನೊಂದು ಖರ್ಚಿದೆ. ಸುಸ್ಥಿರ ಅಭಿವೃದ್ಧಿ ಶುಲ್ಕವೆಂದು ಭಾರತೀಯರಿಂದ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ತೆಗೆದುಕೊಳ್ಳುತ್ತಾರೆ. ನಾಲ್ಕು ರಾತ್ರಿ ಉಳಿದರೆ ತಲೆಗೆ 4,800, ನಲವತ್ತು ಜನಕ್ಕೆ 1,92,000. ಪ್ರವಾಸ ಸಂಸ್ಥೆಯ ಲೆಕ್ಕದಲ್ಲಿ ಇದು ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಭೂಗೋಳದ ಮೇಡಂ, ಶಿರಸಿ
ಮಾಸ್ತರೇ, ಬಹಳ ಉಪಕಾರವಾಯಿತು. ಆ ಶುಲ್ಕ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುತ್ತಿಲ್ಲ. ನಾಳೆಯೇ ಕೇಳುತ್ತೇನೆ.

ಸಿದ್ದಾಪುರದ ತೋಟಿಗ
ಭೂತಾನ್‌ಗೆ ಹೋಗುವುದಾದರೆ ದಯವಿಟ್ಟು ಅಡಿಕೆ ನೋಡಿಕೊಂಡು ಬನ್ನಿ. ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟುಪಾಡಿಲ್ಲದೆ ಜೈಗಾಂವ್ ಗಡಿಯಿಂದ ತರಲು ಬಿಟ್ಟಿತು. ಬೇರೆ ದೇಶದ ಅಡಿಕೆಗೆ ಕೆ.ಜಿ.ಗೆ 351 ರೂಪಾಯಿ ಕನಿಷ್ಠ ಬೆಲೆ, ಇವರಿಗೆ ಅದೂ ಇಲ್ಲ. ಇಲ್ಲಿ ನಾವು ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆದು, ಎಲೆಚುಕ್ಕಿಗೆ ಔಷಧ ಹುಡುಕಿ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಸಿಗದೆ ಮರ ನೋಡುತ್ತಾ ಕುಳಿತಿದ್ದೇವೆ. ತೋಟಿಗರ ಮಕ್ಕಳೇ ನಿಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಇದ್ದಾರೆ. ಅವರು ಥಿಂಪುವಿನಲ್ಲಿ ಬುದ್ಧನ ಮೂರ್ತಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದರೆ ನಮಗೇನು ಬಂತು?

ಮುಂಡಗೋಡ ಮೂರು ರಸ್ತೆ
ತೋಟಿಗರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಲೆಕ್ಕವನ್ನೂ ನೋಡಬೇಕು. ನಮ್ಮ ದೇಶದ ಅಡಿಕೆ ಉತ್ಪಾದನೆ 10 ಲಕ್ಷ ಟನ್‌ಗೂ ಮೇಲೆ. ಭೂತಾನ್‌ನದು ಹಸಿ ಅಡಿಕೆ. ಸುಲಿದು ಒಣಗಿಸಿದರೆ ಆ 17,000 ಟನ್ ಎಷ್ಟು ಇಳಿಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ದರ ಬೀಳುವುದಕ್ಕೆ ಭೂತಾನ್ ರೈತನೊಬ್ಬನೇ ಕಾರಣ ಎನ್ನಲು ಬರುವುದಿಲ್ಲ.

ಸಿದ್ದಾಪುರದ ತೋಟಿಗ
ಅವನೊಬ್ಬನೇ ಎಂದು ನಾನು ಹೇಳಿಲ್ಲ. ಭೂತಾನ್‌ನ ಹೆಸರಿನಲ್ಲಿ ಬೇರೆಲ್ಲಿಯದೋ ಮಾಲು ಒಳಗೆ ಬರುವುದಿಲ್ಲ ಎನ್ನುವುದಕ್ಕೆ ಖಾತ್ರಿ ಏನು ಎಂಬುದು ನನ್ನ ಪ್ರಶ್ನೆ. ಗಡಿಗೆ ಹೋಗುವ ಮಕ್ಕಳು ಅದನ್ನೇ ನೋಡಲಿ, ಕೇಳಲಿ, ಬರೆದುಕೊಳ್ಳಲಿ.

ಹಿಮಾಲಯ ಸುತ್ತಿದ ಕುಮಟೆಯವಳು
ಕೆಲಸದ ಮೇಲೆ ಸಿಲಿಗುರಿಯಲ್ಲಿ ಇದ್ದವಳು ನಾನು, ಹಾಗಾಗಿ ದಾರಿ ಹೇಳುತ್ತೇನೆ. ಮೇಡಂ, ಆ ಪಟ್ಟಿಯನ್ನು ಬದಿಗಿಡಿ. ನಕ್ಷೆಯಲ್ಲಿ ಸಿಲಿಗುರಿ ನೋಡಿ. ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ಹೋದರೆ ಪಾಣಿಟಂಕಿ, ಮೇಚಿ ನದಿಯ ಸೇತುವೆ ದಾಟಿದರೆ ನೇಪಾಳದ ಕಾಕಡಭಿಟ್ಟಾ. ಪೂರ್ವಕ್ಕೆ ನಾಲ್ಕೈದು ಗಂಟೆ ಹೋದರೆ ಜೈಗಾಂವ್, ಗೇಟು ದಾಟಿದರೆ ಭೂತಾನ್‌ನ ಫುಂಟ್‌ಶೋಲಿಂಗ್. ಎರಡೂ ದೇಶಕ್ಕೆ ವಿಮಾನದ ಗೊಡವೆಯೇ ಬೇಡ. ಹುಬ್ಬಳ್ಳಿ, ಬೆಂಗಳೂರು ಮೂಲಕ ಬಾಗ್ಡೋಗ್ರಾಕ್ಕೆ ವಿಮಾನ ಅಥವಾ ನ್ಯೂ ಜಲಪಾಯಿಗುರಿಗೆ ರೈಲು. ರೈಲಾದರೆ ಹೋಗಿಬರಲು ನಾಲ್ಕೈದು ದಿನ ಹಿಡಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನೇಪಾಳವೆಂದರೆ ಕಠ್ಮಂಡು ಮಾತ್ರ ಎಂದುಕೊಳ್ಳಬೇಡಿ. ಕಾಕಡಭಿಟ್ಟಾ ಇರುವುದು ಝಾಪಾ ಜಿಲ್ಲೆಯಲ್ಲಿ. ಅಲ್ಲಿ ಅಡಿಕೆ ತೋಟಗಳಿವೆ, ಚಹಾ ಇದೆ. ಅಲ್ಲಿಂದ ಮೇಲೆ ಹತ್ತಿದರೆ ಇಲಾಮ್. ಅಲ್ಲಿ ಚಹಾದ ಜೊತೆಗೆ ದೊಡ್ಡ ಏಲಕ್ಕಿ. ನಮ್ಮ ಏಲಕ್ಕಿಯ ಹಾಗೆ ಹಸಿರಾಗಿ ಒಣಗಿಸುವುದಿಲ್ಲ. ಭಟ್ಟಿಯ ಮೇಲೆ ಹರಡಿ ಕೆಳಗೆ ಸೌದೆ ಉರಿಸುತ್ತಾರೆ, ಕಾಯಿ ಕಂದು ತಿರುಗಿ ಹೊಗೆಯ ವಾಸನೆ ಹಿಡಿಯುತ್ತದೆ. ಒಂದು ಭಟ್ಟಿಗೆ ಎಷ್ಟು ಸೌದೆ, ಅದು ಯಾವ ಕಾಡಿನದು, ಕಡಿಯಲು ಯಾರು ಒಪ್ಪಿಗೆ ಕೊಟ್ಟರು ಎಂದು ಕೇಳುತ್ತಾ ಹೋದರೆ ಮಕ್ಕಳಿಗೆ ಎರಡು ದಿನವೂ ಸಾಲದು.

ಭೂತಾನ್‌ನಲ್ಲಿ ನಮ್ಮವರಿಗೆ ಆಶ್ಚರ್ಯವಾಗುವುದು ಅಡಿಕೆ ತಿನ್ನುವ ರೀತಿ. ಅಲ್ಲಿ ಅದಕ್ಕೆ ‘ದೋಮಾ’ ಎನ್ನುತ್ತಾರೆ. ನಮ್ಮ ಹಾಗೆ ಬೇಯಿಸಿ ಒಣಗಿಸಿದ ಕೆಂಪಡಿಕೆಯೂ ಅಲ್ಲ, ಹಣ್ಣಡಿಕೆ ಒಣಗಿಸಿ ಸುಲಿದ ಚಾಲಿಯೂ ಅಲ್ಲ. ಸಿಪ್ಪೆಯ ಸಮೇತ ಕೊಳೆಸಿಟ್ಟ ಹಸಿ ಅಡಿಕೆಯನ್ನು ದೊಡ್ಡ ಹೋಳು ಮಾಡಿ, ಸುಣ್ಣ ಬಳಿದ ವೀಳ್ಯದೆಲೆಯಲ್ಲಿ ಸುತ್ತಿ ಕೊಡುತ್ತಾರೆ. ವಾಸನೆ ದೂರಕ್ಕೇ ಹೊಡೆಯುತ್ತದೆ, ಬಾಯಿಗೆ ಹಾಕಿದ ಕೂಡಲೇ ಕಿವಿ ಬಿಸಿಯಾಗುತ್ತದೆ.

ಯಲ್ಲಾಪುರದ ತಾಯಿ
ನನ್ನ ಮಗಳು ಇಂಥದೇ ಪ್ರವಾಸಕ್ಕೆ ಹೊರಡುವವಳಿದ್ದಾಳೆ, ಹಾಗಾಗಿ ಕೇಳುತ್ತೇನೆ. ನೇಪಾಳ ಸುರಕ್ಷಿತವೇ? 2025ರ ಸೆಪ್ಟೆಂಬರಿನಲ್ಲಿ ಅಲ್ಲಿ ಯುವಕರ ಗಲಭೆಯಾಗಿ ಸರ್ಕಾರವೇ ಬಿದ್ದುಹೋಯಿತಲ್ಲ. ಟಿ.ವಿ.ಯಲ್ಲಿ ಬೆಂಕಿ ನೋಡಿದ ಮೇಲೆ ಮಗಳ ತಂದೆ ಒಪ್ಪುತ್ತಿಲ್ಲ. ಇನ್ನೊಂದು, ನಮ್ಮದು ಸಸ್ಯಾಹಾರ. ಅಲ್ಲಿ ಊಟಕ್ಕೆ ಏನು ಮಾಡುತ್ತಾರೆ?

ಹಿಮಾಲಯ ಸುತ್ತಿದ ಕುಮಟೆಯವಳು
ಅಕ್ಕಾ, ಊಟದ ಚಿಂತೆ ಬಿಡಿ. ನೇಪಾಳದಲ್ಲಿ ಎಲ್ಲಿ ಹೋದರೂ ದಾಲ್‌ಭಾತ್ ಸಿಗುತ್ತದೆ. ಭೂತಾನ್‌ನಲ್ಲಿ ಕೆಂಪಕ್ಕಿ ಅನ್ನ, ಮೆಣಸಿನಕಾಯಿಯನ್ನೇ ತರಕಾರಿಯ ಹಾಗೆ ಚೀಸ್ ಜೊತೆ ಬೇಯಿಸಿದ ಎಮಾ ದಾತ್ಶಿ. ಖಾರ ತಡೆಯುವವರಿಗೆ ಹಬ್ಬ. ಗಲಭೆಯ ವಿಷಯಕ್ಕೆ ಬಂದರೆ, ಹೊರಡುವ ವಾರದ ಪರಿಸ್ಥಿತಿ ನೋಡಿ ತೀರ್ಮಾನಿಸಬೇಕು. ಮುಂಗಡ ಕೊಡುವಾಗಲೇ ‘ಪ್ರವಾಸ ರದ್ದಾದರೆ ಎಷ್ಟು ಹಣ ವಾಪಸ್’ ಎಂಬುದು ಕಾಗದದಲ್ಲಿರಲಿ. ಗಡಿಯ ಹತ್ತಿರದ ಜಿಲ್ಲೆಯಲ್ಲಿಯೇ ಉಳಿದರೆ ಏನಾದರೂ ಆದಾಗ ಕೆಲವೇ ಗಂಟೆಯಲ್ಲಿ ಭಾರತದೊಳಗೆ ಇರುತ್ತೀರಿ.

ಶಿರೂರಿನ ಹತ್ತಿರದವ
ದಸರಾ ಮುಗಿದ ಮೇಲೆ ಹೊರಡುತ್ತೇವೆ ಎಂದಿದ್ದೀರಿ, ಅದು ಸರಿ. ಮಳೆಗಾಲದಲ್ಲಿ ಮಾತ್ರ ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. 2024ರ ಜುಲೈ 12ರಂದು ನೇಪಾಳದಲ್ಲಿ 60ಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳನ್ನು ಗುಡ್ಡ ಕುಸಿದು ತ್ರಿಶೂಲಿ ನದಿಗೆ ತಳ್ಳಿತು. ನಾಲ್ಕೇ ದಿನ ಬಿಟ್ಟು, ಜುಲೈ 16ರಂದು, ನಮ್ಮ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಚಹಾದ ಅಂಗಡಿ ಹೋಯಿತು, ಲಾರಿಗಳು ಹೋದವು, ಆಚೆ ದಡದ ಉಳುವರೆಯಲ್ಲಿ ಮನೆಗಳಿಗೆ ನೀರು ನುಗ್ಗಿತು. ಒಂದು ಲಾರಿಯನ್ನು ನದಿಯಿಂದ ಎತ್ತಿದ್ದು ಸೆಪ್ಟೆಂಬರಿನಲ್ಲಿ.

ಎರಡೂ ಕಡೆ ಗುಡ್ಡ, ಬುಡದಲ್ಲಿ ರಸ್ತೆ, ಕೆಳಗೆ ನದಿ. ನಮ್ಮದು ಜಂಬಿಟ್ಟಿಗೆ ಮಣ್ಣು, ಅಲ್ಲಿಯದು ಇನ್ನೂ ಬೆಳೆಯುತ್ತಿರುವ ಹಿಮಾಲಯದ ಸಡಿಲ ಬಂಡೆ. ಭೂಗೋಳದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠ ಯಾವುದಿದೆ? ಹೊರಡುವ ಮೊದಲು ಶಿರೂರಿಗೆ ಕರೆದುಕೊಂಡು ಬನ್ನಿ. ಗುಡ್ಡವನ್ನು ಎಷ್ಟು ಕಡಿದಾಗಿ ಕಡಿದಿದ್ದಾರೆ, ನೀರು ಹರಿದುಹೋಗಲು ದಾರಿ ಎಲ್ಲಿದೆ ಎಂದು ಇಲ್ಲಿ ಅಳೆಯಲಿ. ಆಮೇಲೆ ಫುಂಟ್‌ಶೋಲಿಂಗ್‌ನಿಂದ ಥಿಂಪುವಿಗೆ ಹತ್ತುವ ದಾರಿಯಲ್ಲಿ ಅದನ್ನೇ ಅಳೆಯಲಿ.

ಭೂಗೋಳದ ಮೇಡಂ, ಶಿರಸಿ
ನಿಮ್ಮ ಮಾತು ಓದಿ ಮೈ ಜುಮ್ಮೆಂದಿತು. ಇದು ನನ್ನ ಪಟ್ಟಿಗೆ ಖಂಡಿತ ಸೇರುತ್ತದೆ. ಶಿರೂರಿನಲ್ಲಿ ಒಂದು ದಿನ ಎಂದು ಬರೆದುಕೊಂಡೆ.

ಗೋಕರ್ಣ ಪೇಟೆ
ಕಠ್ಮಂಡು ಬಿಡುವುದು ಸರಿಯಲ್ಲ. ಪಶುಪತಿನಾಥನ ಪೂಜೆ ಮಾಡುವವರು ನಮ್ಮ ಗೋಕರ್ಣದವರೇ. ಅದನ್ನು ಮಕ್ಕಳು ನೋಡುವುದು ಬೇಡವೇ?

ನಿವೃತ್ತ ಮಾಸ್ತರು, ಅಂಕೋಲಾ
ಸ್ವಲ್ಪ ತಿದ್ದುತ್ತೇನೆ. ಪಶುಪತಿನಾಥದ ಮುಖ್ಯ ಅರ್ಚಕರಾದ ಭಟ್ಟರು ದಕ್ಷಿಣ ಭಾರತದಿಂದ ಹೋದವರು, ಕರ್ನಾಟಕದವರೂ ಇದ್ದಾರೆ. ಆದರೆ ಎಲ್ಲರೂ ಗೋಕರ್ಣದವರು ಎನ್ನುವುದು ಸರಿಯಲ್ಲ. ಗರ್ಭಗುಡಿಯ ಪೂಜೆ ಭಟ್ಟರದು, ಅವರಿಗೆ ನೆರವಾಗುವ ಭಂಡಾರಿಗಳು ಅಲ್ಲಿಯವರೇ. ಹೆಮ್ಮೆ ಇರಲಿ, ವಿವರವೂ ಸರಿಯಿರಲಿ.

ಕಠ್ಮಂಡುವಿಗೆ ಹೋಗುವುದಾದರೆ ನಾನು ತೋರಿಸುವುದು ಬೇರೆ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾಗಿ ಸುಮಾರು 9,000 ಜನ ಸತ್ತರು, ಧರಹರಾ ಗೋಪುರ ಬಿತ್ತು, ಹಳೆಯ ಅರಮನೆ ಚೌಕಗಳ ಗುಡಿಗಳು ಉರುಳಿದವು. ಭಕ್ತಪುರದಲ್ಲಿ, ಪಾಟನ್‌ನಲ್ಲಿ ಸ್ಥಳೀಯ ಬಡಗಿಗಳು, ಕಲ್ಲುಕುಟಿಗರು ಹಳೆಯ ಕೆತ್ತನೆಯ ತುಂಡುಗಳನ್ನು ಆರಿಸಿ ಮತ್ತೆ ಜೋಡಿಸಿದರು. ಬನವಾಸಿಯ ಮಧುಕೇಶ್ವರ ದೇವಾಲಯ ನೋಡಿ ಬೆಳೆದ ಮಕ್ಕಳಿಗೆ ಆ ಕೆಲಸ ನೋಡಿದರೆ ಕಣ್ಣು ತೆರೆಯುತ್ತದೆ.

ಬನವಾಸಿ ವಿದ್ಯಾರ್ಥಿ
ಸರ್, ನೇಪಾಳದ ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ ಎನ್ನುವುದು ನಿಜವೇ?

ನಿವೃತ್ತ ಮಾಸ್ತರು, ಅಂಕೋಲಾ
ನಿಜ ತಮ್ಮಾ. ಭೂತಾನ್ ಅರ್ಧ ಗಂಟೆ ಮುಂದೆ. ಬಸ್ ತಪ್ಪಿಸಿಕೊಳ್ಳಬೇಡ.

ಸಾಲ್ಕಣಿ ಕಡೆಯವ
ನನಗನ್ನಿಸುವುದು, ನಮ್ಮ ಜಿಲ್ಲೆಯ ಮಕ್ಕಳು ನೇಪಾಳದಲ್ಲಿ ನೋಡಲೇಬೇಕಾದದ್ದು ಸಮುದಾಯ ಅರಣ್ಯ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಮರ ಅಪ್ಪಿ ಕಾಡು ಉಳಿಸುವ ಅಪ್ಪಿಕೋ ಚಳವಳಿ ಶುರುವಾದಾಗ ಜನ ಕೇಳಿದ್ದು ಒಂದೇ: ಈ ಕಾಡಿನ ತೀರ್ಮಾನದಲ್ಲಿ ನಮಗೂ ಮಾತಿರಬೇಕು. ನೇಪಾಳ 1993ರ ಅರಣ್ಯ ಕಾಯ್ದೆಯಲ್ಲಿ ಆ ಮಾತನ್ನು ಕಾನೂನು ಮಾಡಿತು. ಕಾಡು ಬಳಸುವ ಮನೆಗಳವರು ಗುಂಪು ಕಟ್ಟಿಕೊಂಡು, ಕಾರ್ಯಯೋಜನೆ ಬರೆದು ಒಪ್ಪಿಸಿದರೆ ಕಾಡಿನ ನಿರ್ವಹಣೆ ಅವರ ಕೈಗೆ ಬರುತ್ತದೆ. ಭೂಮಿ ಸರ್ಕಾರದ್ದೇ, ಆದರೆ ಸೌದೆ, ಹುಲ್ಲು, ಮರದ ಆದಾಯ ಗುಂಪಿನದು. ಅದರಲ್ಲಿ ಕಾಲು ಭಾಗವಾದರೂ ಕಾಡಿಗೇ ಮರಳಬೇಕು. ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬ ಮಾರ್ಗಸೂಚಿಯೂ ಇದೆ. ಇಂತಹ ಗುಂಪುಗಳು 20,000ಕ್ಕೂ ಹೆಚ್ಚು.

ನಮ್ಮಲ್ಲಿ ಸೊಪ್ಪಿನಬೆಟ್ಟವಿದೆ. ಅಡಿಕೆ ತೋಟಕ್ಕೆ ಸೊಪ್ಪು, ತರಗೆಲೆ ತರಲು ತಲೆಮಾರುಗಳಿಂದ ಬಂದ ಹಕ್ಕು. ಗ್ರಾಮ ಅರಣ್ಯ ಸಮಿತಿಗಳೂ ಇವೆ. ಎಷ್ಟು ಊರಿನಲ್ಲಿ ಅವು ಸಭೆ ಸೇರುತ್ತವೆ, ಎಷ್ಟು ಊರಿನಲ್ಲಿ ಹೆಂಗಸರು ಬಾಯಿಬಿಟ್ಟು ಮಾತಾಡುತ್ತಾರೆ? ಮಕ್ಕಳು ತಮ್ಮ ಊರಿನ ಸಮಿತಿಯ ನಡಾವಳಿ ಪುಸ್ತಕ ಓದಿಕೊಂಡು ಹೋಗಲಿ. ಇಲಾಮ್‌ನಲ್ಲಿ ಒಂದು ಗುಂಪಿನ ಸಭೆಯಲ್ಲಿ ಕುಳಿತು ಅವರ ಪುಸ್ತಕ ತೆಗೆಸಿ ನೋಡಲಿ. ಇದಕ್ಕಾಗಿ ನಾನು ನೂರು ಸಲ ವಾದ ಮಾಡಲು ಸಿದ್ಧ.

ಮುಂಡಗೋಡ ಮೂರು ರಸ್ತೆ
ನೇಪಾಳದ ಗುಂಪುಗಳಲ್ಲಿಯೂ ಮೇಲ್ಜಾತಿಯವರು, ಜಮೀನಿದ್ದವರೇ ಮಾತು ನಡೆಸುತ್ತಾರೆ ಎಂಬ ದೂರು ಮೊದಲಿನಿಂದಲೂ ಇದೆ. ಸ್ವರ್ಗವೆಂದು ತೋರಿಸಬೇಡಿ.

ಸಾಲ್ಕಣಿ ಕಡೆಯವ
ಒಪ್ಪುತ್ತೇನೆ. ಅದನ್ನೂ ಕೇಳಲಿ. ಸೊಪ್ಪಿನಬೆಟ್ಟದ ಹಕ್ಕೂ ತೋಟ ಇದ್ದವರಿಗೇ ತಾನೇ ಇರುವುದು, ಕೂಲಿಯವರಿಗೆ ಇಲ್ಲವಲ್ಲ. ಎರಡೂ ಊರಿನ ಕೊರತೆ ಎದುರಿಗಿಟ್ಟುಕೊಂಡರೆ ಮಕ್ಕಳಿಗೆ ಪ್ರಶ್ನೆ ಹುಟ್ಟುತ್ತದೆ.

ಜೋಯಿಡಾದವಳು
ಭೂತಾನ್‌ನಲ್ಲಿ ಜಲವಿದ್ಯುತ್ ನೋಡಬೇಕು ಎಂದು ನನ್ನ ಒತ್ತಾಯ. ಚುಖಾ ಯೋಜನೆ 336 ಮೆಗಾವಾಟ್, ಭಾರತವೇ ಶೇಕಡಾ 60 ಅನುದಾನ, ಶೇಕಡಾ 40 ಸಾಲ ಕೊಟ್ಟು ಕಟ್ಟಿಸಿದ್ದು. ಅದೇ ವಾಂಗ್‌ಛು ನದಿಯ ಕೆಳಗೆ ತಾಲಾ, 1,020 ಮೆಗಾವಾಟ್. ಫುಂಟ್‌ಶೋಲಿಂಗ್‌ನಿಂದ ಥಿಂಪುವಿಗೆ ಹೋಗುವ ದಾರಿಯಲ್ಲೇ ಚುಖಾ ಸಿಗುತ್ತದೆ. ಅಲ್ಲಿಯ ವಿದ್ಯುತ್ ಭಾರತಕ್ಕೆ ಮಾರಾಟವಾಗಿ ಅವರ ಬೊಕ್ಕಸ ತುಂಬುತ್ತದೆ. ನಮ್ಮ ಕಾಳಿ ನದಿಯಲ್ಲಿ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ವಿದ್ಯುತ್ ಯೋಜನೆಗಳ ಸಾಲೇ ಇದೆ. ಒಂದೇ ನದಿಗೆ ಇಷ್ಟು ಕಟ್ಟಿ, ಕೈಗಾದಲ್ಲಿ ಅಣು ಸ್ಥಾವರವನ್ನೂ ಇಟ್ಟ ತಾಲ್ಲೂಕುಗಳಲ್ಲಿ ಇವತ್ತಿಗೂ ಮಳೆ ಗಾಳಿ ಬಂದರೆ ಕತ್ತಲು.

ಸೂಪಾದಲ್ಲಿ ಮುಳುಗಡೆಯಾದವರನ್ನು ನಮ್ಮ ಜೋಯಿಡಾ ತಾಲ್ಲೂಕಿನ ರಾಮನಗರಕ್ಕೆ ತಂದು ಕೂರಿಸಿದರು. ನಮ್ಮ ಅಜ್ಜಿಯ ಮನೆ ಆ ನೀರಿನ ಕೆಳಗಿದೆ. ಚುಖಾ ದೊಡ್ಡ ಜಲಾಶಯ ಕಟ್ಟದೆ ಹರಿಯುವ ನೀರನ್ನು ಸುರಂಗಕ್ಕೆ ತಿರುಗಿಸಿ ನಡೆಯುವ ಯೋಜನೆ, ಹಾಗಾಗಿ ಮುಳುಗಡೆಯ ಲೆಕ್ಕವೇ ಬೇರೆ. ಚಳಿಗಾಲದಲ್ಲಿ ನೀರು ಇಳಿದಾಗ ಉತ್ಪಾದನೆ ಕುಸಿಯುತ್ತದೆ, ಆಗ ಅವರೇ ಭಾರತದಿಂದ ವಿದ್ಯುತ್ ಕೊಳ್ಳುತ್ತಾರೆ. ರಾಮನಗರದಲ್ಲಿ ಹಿರಿಯರ ಜೊತೆ ಅರ್ಧ ದಿನ ಕುಳಿತು ಆಮೇಲೆ ಚುಖಾಕ್ಕೆ ಹೋದ ಹುಡುಗಿ ಕೇಳುವ ಪ್ರಶ್ನೆಯೇ ಬೇರೆಯಾಗಿರುತ್ತದೆ.

ಕೋಡಿಬಾಗದವ
ನಿರಾಶ್ರಿತರ ಮಾತು ಬಂದರೆ ಕಾರವಾರದಲ್ಲಿ ನೌಕಾನೆಲೆಗೆ ಊರು ಬಿಟ್ಟವರನ್ನೂ ಸೇರಿಸಿ. ಪರಿಹಾರಕ್ಕಾಗಿ ಕೋರ್ಟು ಹತ್ತಿ ಇಳಿದು ಒಂದು ತಲೆಮಾರೇ ಕಳೆಯಿತು.

ಸಿದ್ದಾಪುರದ ತೋಟಿಗ
ಶರಾವತಿ ಕಣಿವೆಯಲ್ಲಿ ಈಗ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ವಿದ್ಯುತ್ ತೆಗೆಯುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರುತ್ತೇವೆ ಎನ್ನುತ್ತಿದ್ದಾರೆ. ಸಿಂಗಳೀಕದ ಕಾಡು ಅದು. ಬೇಡ್ತಿ ನೀರನ್ನು ತಿರುಗಿಸುವ ಮಾತೂ ಇದೆ. ಇದನ್ನೆಲ್ಲ ಮಾತಾಡಲು ಭೂತಾನ್‌ವರೆಗೆ ಯಾಕೆ ಹೋಗಬೇಕು?

ಭೂಗೋಳದ ಮೇಡಂ, ಶಿರಸಿ
ಹೋಗಬೇಕು ಸರ್. ಊರಿನ ಜಗಳದಲ್ಲಿ ನಿಂತಾಗ ಎಲ್ಲರೂ ಒಂದು ಪಕ್ಷ ಹಿಡಿದಿರುತ್ತೇವೆ, ಮಕ್ಕಳೂ ಸಹ. ಬೇರೆ ನಾಡಿನಲ್ಲಿ ಅದೇ ಜಗಳ ಕಂಡರೆ ಇಬ್ಬರ ಮಾತನ್ನೂ ಕೇಳುವ ತಾಳ್ಮೆ ಬರುತ್ತದೆ. ನಾನು ಈ ಪ್ರವಾಸಕ್ಕಾಗಿ ಇಷ್ಟು ಗುದ್ದಾಡಿದ್ದು ಅದಕ್ಕೇ.

ತದಡಿ ದೋಣಿ
ಎಲ್ಲರೂ ಸೇರಿ ಶ್ರೀಲಂಕಾವನ್ನು ಕೈಬಿಟ್ಟಿರಲ್ಲ! ಕರಾವಳಿಯವರಿಗೆ ಅದೇ ಹತ್ತಿರದ ದೇಶ. ಕಾಳುಮೆಣಸು ನೋಡಿ, ಮಾತಲೆಯಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರವಿದೆ. ದಾಲ್ಚಿನ್ನಿ ಸುಲಿಯುವವರ ಕೈ ನೋಡಬೇಕು. ಎಳೆಯ ಕೊಂಬೆಯ ಹೊರತೊಗಟೆ ಹೆರೆದು, ಹಿತ್ತಾಳೆಯ ಕೋಲಿನಿಂದ ಉಜ್ಜಿ ಸಡಿಲ ಮಾಡಿ, ಉದ್ದಕ್ಕೆ ಸೀಳಿ ಒಂದೇ ಹಾಳೆಯಾಗಿ ಎಬ್ಬಿಸುತ್ತಾರೆ. ಒಂದರೊಳಗೊಂದು ತುರುಕಿ ನೆರಳಲ್ಲಿ ಒಣಗಿಸುತ್ತಾರೆ. ನಮ್ಮ ಕಾಡಿನಲ್ಲಿ ದಾಲ್ಚಿನ್ನಿಯ ಮೊಗ್ಗಿಗಾಗಿ ಟೊಂಗೆಯನ್ನೇ ಕಡಿದು ಹಾಕುವವರು ಅದನ್ನೊಮ್ಮೆ ನೋಡಬೇಕು.

ಗಾಲೆಯ ಕೋಟೆಯನ್ನು ಪೋರ್ಚುಗೀಸರು ಶುರುಮಾಡಿ ಡಚ್ಚರು ಭದ್ರಪಡಿಸಿದರು. ಮೆಣಸಿನ ರಾಣಿ ಎಂದು ಪೋರ್ಚುಗೀಸರಿಂದ ಹೆಸರು ಪಡೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಮಿರ್ಜಾನ್ ಕೋಟೆ ನಮ್ಮ ಪಕ್ಕದಲ್ಲೇ ಇದೆ. ಎರಡೂ ಒಂದೇ ವ್ಯಾಪಾರದ ಕಥೆ.

ಹೆಗ್ಗರಣೆ ಸಾವಯವ
ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರ ನಿಷೇಧಿಸಿ ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು. ಅಂದಿನಿಂದ ಯಾರ ಹತ್ತಿರ ಸಾವಯವದ ಮಾತೆತ್ತಿದರೂ ‘ಶ್ರೀಲಂಕಾ ನೋಡು’ ಎಂದು ಬಾಯಿ ಮುಚ್ಚಿಸುತ್ತಾರೆ. ಸತ್ಯ ತಿಳಿಯಲು ಮಕ್ಕಳು ಅಲ್ಲಿಗೆ ಹೋಗಬೇಕು. ಅಲ್ಲಿ ಸೋತಿದ್ದು ಸಾವಯವವಲ್ಲ. ಕೊಟ್ಟಿಗೆಯಲ್ಲಿ ದನವಿಲ್ಲದ, ಗೊಬ್ಬರದ ಗುಂಡಿಯಿಲ್ಲದ ರೈತನಿಗೆ ರಾತ್ರೋರಾತ್ರಿ ಆಜ್ಞೆ ಹೊರಡಿಸಿದ ಆಡಳಿತ.

ಮುಂಡಗೋಡ ಮೂರು ರಸ್ತೆ
ವಿದೇಶಿ ವಿನಿಮಯ ಬರಿದಾಗುತ್ತಿತ್ತು, ಗೊಬ್ಬರದ ಆಮದಿಗೆ ಡಾಲರ್ ಉಳಿಸುವುದೂ ಅದರ ಹಿಂದಿತ್ತು. ಭತ್ತ, ಚಹಾ ಎರಡೂ ಇಳಿದವು. ಸಾವಯವಕ್ಕೆ ದೋಷ ಹೊರಿಸಬಾರದು ಎಂಬುದು ಸರಿ, ಆದರೆ ಇಳುವರಿ ಇಳಿಯಿತೆಂಬುದನ್ನು ಮುಚ್ಚಲೂಬಾರದು.

ಹೆಗ್ಗರಣೆ ಸಾವಯವ
ಮುಚ್ಚುತ್ತಿಲ್ಲ. ನಾನೇ ಬೆಳೆಗಾರ, ಇಳುವರಿಯ ನೋವು ನನಗೂ ಗೊತ್ತು.

ಹಿಮಾಲಯ ಸುತ್ತಿದ ಕುಮಟೆಯವಳು
ತದಡಿಯವರೇ, ಶ್ರೀಲಂಕಾ ಚೆಂದವೇ. ಆದರೆ ಅದಕ್ಕೆ ಬೇರೆಯೇ ಒಂದು ಪ್ರವಾಸ ಮಾಡಬೇಕು. ಹಿಮಾಲಯದ ಬಾಲಕ್ಕೆ ಕಟ್ಟಿದರೆ ಎರಡಕ್ಕೂ ನ್ಯಾಯವಿಲ್ಲ, ವಿಮಾನದ ಖರ್ಚೇ ಮಕ್ಕಳ ಜೇಬು ಕತ್ತರಿಸುತ್ತದೆ.

ಭೂಗೋಳದ ಮೇಡಂ, ಶಿರಸಿ
ಇವತ್ತು ಪಾಲಕರ ಸಭೆಯಲ್ಲಿ ಹೊಸ ಪಟ್ಟಿ ಇಟ್ಟೆ. ಶ್ರೀಲಂಕಾ ಈ ಸಲ ಇಲ್ಲ. ಸಿಲಿಗುರಿಯಲ್ಲಿ ಬಿಡಾರ. ನೇಪಾಳದಲ್ಲಿ ಝಾಪಾ ಮತ್ತು ಇಲಾಮ್, ಭೂತಾನ್‌ನಲ್ಲಿ ಫುಂಟ್‌ಶೋಲಿಂಗ್, ಚುಖಾ, ಥಿಂಪು. ಕಠ್ಮಂಡು ಬಿಟ್ಟಿದ್ದಕ್ಕೆ ಕೆಲವರು ಬೇಸರಪಟ್ಟರು. ಒಬ್ಬ ತಂದೆಯಂತೂ ಎದ್ದು ನಿಂತು ‘ಪಶುಪತಿನಾಥನಿಲ್ಲದ ನೇಪಾಳ ಎಂಥದ್ದು’ ಎಂದರು. ಅವರ ಮಗಳೇ ಉತ್ತರ ಕೊಟ್ಟಳು: ಅಪ್ಪಾ, ನಾನು ಕಾಡಿನ ಸಮಿತಿಯ ಮೇಲೆ ಬರೆಯಬೇಕು, ಅದಕ್ಕೆ ಒಂದೇ ಊರಿನಲ್ಲಿ ಮೂರು ದಿನ ಬೇಕು.

ನಾಲ್ಕು ತಂಡ ಮಾಡಿದ್ದೇವೆ: ಅಡಿಕೆ, ಕಾಡು, ವಿದ್ಯುತ್, ಗುಡ್ಡ ಕುಸಿತ. ಪ್ರತಿ ತಂಡ ಮೊದಲು ಜಿಲ್ಲೆಯೊಳಗೆ ಒಂದು ಊರಿನಲ್ಲಿ ಕೆಲಸ ಮಾಡಿ ವರದಿ ಕೊಡಬೇಕು. ಕೊಡದವರಿಗೆ ಪ್ರವಾಸವಿಲ್ಲ. ಮತದಾರರ ಚೀಟಿ ಇಲ್ಲದವರು ಹದಿಮೂರು ಮಂದಿ, ಅರ್ಜಿ ಹಾಕಿಸಿದ್ದೇವೆ.

ಯಲ್ಲಾಪುರದ ತಾಯಿ
ಮೇಡಂ, ಮಕ್ಕಳಿಗೆ ವಿಮೆ ಮಾಡಿಸುತ್ತೀರಾ? ಥಿಂಪುವಿನ ಎತ್ತರಕ್ಕೆ ಉಸಿರಾಟದ ತೊಂದರೆ ಇದ್ದವರಿಗೆ ಏನು ವ್ಯವಸ್ಥೆ?

ಭೂಗೋಳದ ಮೇಡಂ, ಶಿರಸಿ
ವಿಮೆ ಕಡ್ಡಾಯ ಅಕ್ಕಾ. ಆಸ್ತಮಾ ಇರುವವರು ವೈದ್ಯರ ಪತ್ರ, ಔಷಧ ಎರಡನ್ನೂ ತರಬೇಕು. 3,000 ಮೀಟರ್ ದಾಟುವ ದೋಚುಲಾ ಎಂಬ ಬೆಟ್ಟದ ಕಣಿವೆದಾರಿಯನ್ನು ಪಟ್ಟಿಯಿಂದಲೇ ತೆಗೆದಿದ್ದೇವೆ.

ಸಿದ್ದಾಪುರದ ತೋಟಿಗ
ಅಡಿಕೆ ತಂಡಕ್ಕೆ ಒಂದು ಪ್ರಶ್ನೆ ಬರೆದುಕೊಡಿ ಮೇಡಂ. ಭೂತಾನ್‌ನ ರೈತನಿಗೆ ತೋಟದಲ್ಲಿ ಹಸಿ ಅಡಿಕೆಗೆ ಸಿಗುವ ದರ ಎಷ್ಟು, ಅದೇ ಮಾಲು ಜೈಗಾಂವ್ ದಾಟಿದ ಮೇಲೆ ಎಷ್ಟು, ನಡುವಿನ ದುಡ್ಡು ಯಾರ ಕೈಗೆ ಹೋಗುತ್ತದೆ. ಮೂರನ್ನೂ ಕೇಳಿಸಿ. ಹೊರಡುವ ಮೊದಲು ಮಕ್ಕಳನ್ನು ನಮ್ಮ ತೋಟಕ್ಕೆ ಕಳಿಸಿ, ಇಲ್ಲಿಯ ಲೆಕ್ಕದ ಪುಸ್ತಕ ನಾನೇ ತೆಗೆದು ತೋರಿಸುತ್ತೇನೆ.

ಭೂಗೋಳದ ಮೇಡಂ, ಶಿರಸಿ
ಮುಂದಿನ ಶನಿವಾರ ಹತ್ತು ಮಕ್ಕಳು ಬರುತ್ತಾರೆ. ಮಧ್ಯಾಹ್ನದ ಊಟ ಅವರೇ ಕಟ್ಟಿಕೊಂಡು ಬರುತ್ತಾರೆ, ದಯವಿಟ್ಟು ಅಡುಗೆಗೆ ತೊಂದರೆ ತೆಗೆದುಕೊಳ್ಳಬೇಡಿ.

ಸಿದ್ದಾಪುರದ ತೋಟಿಗ
ಊಟ ನಮ್ಮ ಮನೆಯಲ್ಲೇ. ಅಪ್ಪೆಹುಳಿ ಮಾಡಿಸಿಡುತ್ತೇವೆ, ಹತ್ತು ಜನಕ್ಕೆ ಬದಲು ಹದಿನೈದು ಜನರನ್ನು ಕಳಿಸಿ.